ಬಿಲದ ಬಾಯಲ್ಲಿ ಉಳಿದ ಮೀನು

ಮೇ 26

ಅಕ್ಕಾ,

ದ್ವೀಪದಲ್ಲಿ ಹಕ್ಕಿ ಬಿಟ್ಟರೆ ನಿನ್ನೊಡನೆ ಮಾತಾಡುವವರಿಲ್ಲ. ಹಾಗಾಗಿ ನನ್ನ ಅಕ್ಷರ ಎಷ್ಟೇ ಕೆಟ್ಟದಾಗಿದ್ದರೂ ಕೊನೆಯವರೆಗೆ ಓದುತ್ತೀಯ ಎಂಬ ಧೈರ್ಯದಲ್ಲಿ ಕೂತಿದ್ದೇನೆ. ಬ್ಯಾಟರಿ, ಬಿಸ್ಕತ್ತು, ನಿನ್ನ ಉಣ್ಣೆಯ ಕಾಲುಚೀಲ ಎಲ್ಲವನ್ನೂ ಸಾಮಾನಿನ ದೋಣಿಯವನ ಕೈಗೆ ಕೊಟ್ಟಿದ್ದೇನೆ. ಬಿಸ್ಕತ್ತು ಒಂದು ಪೊಟ್ಟಣ ಕಡಿಮೆ ಬಂದರೆ ಅವನನ್ನು ಕೇಳು, ನನ್ನನ್ನಲ್ಲ.

ಈಗ ವಿಷಯ. ಬಂದರಿನಲ್ಲಿ ಎಲ್ಲರ ಬಾಯಲ್ಲೂ ಉತ್ತರದ ಬಂದರಿನ ಮಾತೇ. ಹೋದ ವರ್ಷ ಕಡ್ಡಿಮೀನು ಅರ್ಧಕ್ಕರ್ಧ ಕಡಿಮೆ ಬಿತ್ತಲ್ಲ, ಈ ವರ್ಷ ಈ ಕಡೆ ಬರುವುದೇ ಇಲ್ಲ ಎಂದು ಅವರೆಲ್ಲ ತೀರ್ಮಾನ ಮಾಡಿಬಿಟ್ಟಿದ್ದಾರೆ. ನನ್ನದೊಂದು ಬಿಟ್ಟು ಹನ್ನೆರಡು ದೋಣಿಗಳೂ ಜೂನ್ 21ಕ್ಕೆ ಹೊರಡುತ್ತವೆ. ಎಂಟು ದಿನದ ದಾರಿ. ಅಲ್ಲಿನವರು ಹೊರಗಿನ ದೋಣಿಗಳ ಹೆಸರು ಬರೆದುಕೊಳ್ಳುವುದು ಜೂನ್ ಮೂವತ್ತರವರೆಗೆ ಮಾತ್ರ. ಆಮೇಲೆ ಹೋದವನಿಗೆ ದೋಣಿ ಕಟ್ಟಲು ಒಂದು ಗೂಟವೂ ಸಿಗುವುದಿಲ್ಲ. ಹೋಗುವವರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡೇ ಹೋಗುತ್ತಿದ್ದಾರೆ. ವಾಪಸ್ಸು ಬರುವ ಮಾತನ್ನು ಯಾರೂ ಎತ್ತುತ್ತಿಲ್ಲ.

ನನಗೆ ಹೋಗಲು ಮನಸ್ಸಿಲ್ಲ ಅಕ್ಕಾ. ನಮ್ಮ ಪುಟ್ಟಿ ಎರಡು ವರ್ಷ ಶಾಲೆಯಲ್ಲಿ ತುಟಿ ಬಿಚ್ಚದೆ ಕೂತವಳು, ಈಗ ಎರಡು ತಿಂಗಳಿಂದ ಪಕ್ಕದ ಬೆಂಚಿನ ಹುಡುಗಿಯ ಜತೆ ಮಾತಾಡುತ್ತಿದ್ದಾಳೆ. ಮತ್ತೆ ಕಿತ್ತು ಬೇರೆ ಕಡೆ ನೆಟ್ಟರೆ ಏನಾಗುತ್ತದೋ. ಬಲೆಮಾವನನ್ನು ಕೇಳಿದರೆ, "ನೀವು ಹೋಗ್ರಪ್ಪ, ನಾನು ಈ ಕಟ್ಟೆ ಬಿಟ್ಟು ಎಲ್ಲಿಗೂ ಬರಲ್ಲ" ಎಂದು ಸೂಜಿಗೆ ದಾರ ಪೋಣಿಸುತ್ತಾರೆ. ಅಮ್ಮನ ಕಡೆಯಿಂದ ನಮಗೆ ಉಳಿದಿರುವುದು ಅವರೊಬ್ಬರೇ.

ಅಪ್ಪ ಇದ್ದಾಗ ಇಷ್ಟು ತಲೆಬಿಸಿ ಇರಲಿಲ್ಲ. ಜೂನ್ ಬಂತೆಂದರೆ ನಿನ್ನ ದ್ವೀಪಕ್ಕೆ ಒಂದು ಸುತ್ತು ಹಾಕಿ, ಮೇಷ್ಟ್ರುಗಳು ಕೊಕ್ಕಿನಲ್ಲಿ ಏನು ಕಚ್ಚಿಕೊಂಡು ಬರುತ್ತಿವೆ ಎಂದು ನೋಡಿ ಬಂದು ಬಲೆ ಹೊರಗೆ ತೆಗೆಯುತ್ತಿದ್ದರು. ಆ ದಪ್ಪ ಕೊಕ್ಕಿನ ಹಕ್ಕಿಗಳಿಗೆ ಮೇಷ್ಟ್ರು ಎಂದು ಹೆಸರಿಟ್ಟವರೂ ಅವರೇ, ಕೈ ಹಿಂದೆ ಕಟ್ಟಿಕೊಂಡು ತರಗತಿಯಲ್ಲಿ ಓಡಾಡುವವರ ನಡಿಗೆ ಎಂದು. ಇವತ್ತಿಗೂ ನಮ್ಮ ಗಣಿತದ ಮೇಷ್ಟ್ರು ಬೀದಿಯಲ್ಲಿ ಸಿಕ್ಕರೆ ನನ್ನ ಕಣ್ಣು ಅವರ ಮೂಗಿಗೇ ಹೋಗುತ್ತದೆ. ಈಗ ಮರಿ ಮಾಡುವ ಕಾಲದಲ್ಲಿ ದ್ವೀಪದ ಹತ್ತಿರ ದೋಣಿ ಸುಳಿಯಬಾರದು ಎಂದು ನಿನ್ನ ಇಲಾಖೆಯವರ ಕಟ್ಟಪ್ಪಣೆ. ಹಾಗಾಗಿ ನೀನೇ ನನ್ನ ಕಣ್ಣು. ಮೇಷ್ಟ್ರುಗಳು ಮೀನು ತರುತ್ತಿವೆಯೋ ಇಲ್ಲವೋ, ಅದೊಂದು ಬರೆ. ತರುತ್ತಿವೆ ಎಂದರೆ ನಾನು ಇಲ್ಲೇ ನಿಲ್ಲುತ್ತೇನೆ. ಇಲ್ಲವೆಂದರೆ ಗಂಟುಮೂಟೆ ಕಟ್ಟುತ್ತೇನೆ.

ರೇಡಿಯೋದಲ್ಲಿ ಮಾತ್ರ ಹೇಳಬೇಡ. ನೀನು ಗಾಳಿಮಳೆಯ ಸುದ್ದಿ ಹೇಳುವಾಗಲೇ ಹನ್ನೆರಡು ದೋಣಿಯವರೂ ಕಿವಿ ನೆಟ್ಟು ಕೂತಿರುತ್ತಾರೆ.

ನಿನ್ನ ತಮ್ಮ


ಜೂನ್ 7

ತಮ್ಮಾ,

ಬಿಸ್ಕತ್ತು ಎರಡು ಪೊಟ್ಟಣ ಕಡಿಮೆ ಇತ್ತು. ಒಂದು ದೋಣಿಯವನದು, ಇನ್ನೊಂದು ಯಾರದೆಂದು ನಾನು ಬಿಡಿಸಿ ಹೇಳಬೇಕಿಲ್ಲ.

ನೀನು ಕೇಳಿದ್ದಕ್ಕೆ ಈಗಲೇ ಉತ್ತರವಿಲ್ಲ. ಮೊಟ್ಟೆ ಒಡೆಯಲು ಶುರುವಾಗಿ ನಾಲ್ಕು ದಿನವಾಯಿತಷ್ಟೇ. ಹಳೆಯ ಕಾವಲುಗಾರರು ನಿವೃತ್ತರಾದ ಮೇಲೆ ಇದು ನಾನೊಬ್ಬಳೇ ಇರುವ ಮೊದಲ ವರ್ಷ. ಐದು ವರ್ಷ ಅವರ ಹಿಂದೆ ಕೊಡೆ ಹಿಡಿದು ಓಡಾಡಿದ್ದರಿಂದ ಕೆಲಸ ಗೊತ್ತು, ಆದರೆ ತಪ್ಪಿದರೆ ಕೆಮ್ಮಿ ತೋರಿಸಲು ಹಿಂದೆ ಯಾರೂ ಇಲ್ಲ. ಇನ್ನೂರ ಹನ್ನೆರಡು ಬಿಲಗಳಿಗೆ ಗೂಟ ನೆಟ್ಟು ನಂಬರು ಬರೆದಿದ್ದೇನೆ. ಬಿಲಕ್ಕೊಂದು ಜೋಡಿ, ಜೋಡಿಗೊಂದು ಮರಿ. ಮರಿಗೆ ಮೂರು ವಾರ ತುಂಬುವವರೆಗೆ ಬಿಲದೊಳಗೆ ಕೈ ಹಾಕುವಂತಿಲ್ಲ, ಹಾಕಿದರೆ ತಾಯಿ ತಂದೆ ಬಿಟ್ಟು ಹೋಗುತ್ತವೆ. ಅಲ್ಲಿಯವರೆಗೆ ಬಾಯಿ ನೋಡಿಯೇ ಬರೆಯಬೇಕು. ಬಿಲದ ಬಾಯಲ್ಲಿ ಮೀನು ಏನೂ ಉಳಿದಿಲ್ಲವೆಂದರೆ ಕಾರ್ಡಿನಲ್ಲಿ ಸೊನ್ನೆ. ಒಂದೆರಡು ಉಳಿದಿದ್ದರೆ ಒಂದು. ನಾಲ್ಕಾರು ಇದ್ದರೆ ಎರಡು. ರಾಶಿ ಬಿದ್ದಿದ್ದರೆ ಮೂರು. ಹೊಟ್ಟೆ ತುಂಬಿದ ಮರಿಯೇ ಮಿಗಿಸುವುದು ಎಂಬುದು ಲೆಕ್ಕ, ಪುಟ್ಟಿಯ ತಟ್ಟೆ ನೋಡಿ ನಿನ್ನ ಹೆಂಡತಿ ಹೇಳುವ ಹಾಗೆ.

ಕೋಣೆ ಹೋದ ವರ್ಷದ್ದೇ. ಮೇಜಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಹಳೆಯ ಕಾವಲುಗಾರರು ಮಡಚಿಟ್ಟ ರಟ್ಟು ಹಾಗೇ ಇದೆ. ಬೆಳಿಗ್ಗೆ ಏಳಕ್ಕೆ ಬಂಡೆಯ ಮೆಟ್ಟಿಲಿಳಿದು ಬಕೆಟ್ಟಿನಲ್ಲಿ ಸಮುದ್ರದ ನೀರೆತ್ತಿ ಶಾಖ ನೋಡಿ ಬರೆಯುತ್ತೇನೆ. ಪುಸ್ತಕದಲ್ಲಿ ಜೂನ್ ಮೊದಲ ವಾರಕ್ಕೆ ಎಲ್ಲ ವರ್ಷವೂ ಹನ್ನೊಂದು ಡಿಗ್ರಿ ಇದೆ. ಈ ವರ್ಷ ಹದಿನಾಲ್ಕು. ನಂಬುತ್ತೀಯೋ ಇಲ್ಲವೋ, ಮೊನ್ನೆ ಕಾಲು ಇಳಿಬಿಟ್ಟು ಅರ್ಧ ಗಂಟೆ ಕೂತಿದ್ದೆ. ಹೋದ ವರ್ಷವಾಗಿದ್ದರೆ ಬೆರಳು ಮರಗಟ್ಟುತ್ತಿತ್ತು. ಮಂಡಿ ನೋವಿಗೂ ಹಿತವಾಯಿತು.

ಹತ್ತು ದಿನ ತಡಿ. ಅಂದಾಜಿನ ಮೇಲೆ ಬರೆದು ನಿನ್ನನ್ನು ನಿಲ್ಲಿಸುವುದಿಲ್ಲ, ಕಳಿಸುವುದೂ ಇಲ್ಲ.

ಅಕ್ಕ


ಜೂನ್ 15

ಅಕ್ಕಾ,

ಹದಿನೆಂಟರ ದೋಣಿಯಲ್ಲಿ ನಿನ್ನ ಕಾಗದ ಬರಲೇಬೇಕು. ಅದು ತಪ್ಪಿದರೆ ಮುಂದಿನದು ಇಪ್ಪತ್ತೆಂಟಕ್ಕೆ, ಅಷ್ಟರಲ್ಲಿ ಎಲ್ಲರೂ ಹೋಗಿರುತ್ತಾರೆ. ನಿನ್ನೆ ಮೀನುಗಾರರ ಸಂಘದ ಕೋಣೆಯಲ್ಲಿ ಎಲ್ಲರ ಮುಂದೆ, "ನಮ್ಮಕ್ಕನ ಹಕ್ಕಿಗಳು ಹೇಳ್ಲಿ, ಆಮೇಲೆ ನೋಡೋಣ" ಎಂದುಬಿಟ್ಟೆ. ನಕ್ಕರು. ಒಬ್ಬ, "ಹಕ್ಕಿ ಶಾಸ್ತ್ರ ಕೇಳೋಕೆ ದ್ವೀಪಕ್ಕೇ ಹೋಗ್ಬೇಕಾ?" ಎಂದ. ನಗಲಿ. ಅಪ್ಪನ ಕಾಲದಲ್ಲಿ ಇವರ ಅಪ್ಪಂದಿರೇ ನಮ್ಮ ದೋಣಿ ಹೊರಡುವುದನ್ನು ಕಾದು ಹಿಂದೆ ಬರುತ್ತಿದ್ದರು.

ನಿನ್ನ ಮಂಡಿಗೆ ಹಿತವಾಯಿತೆಂದು ಓದಿ ಸಂತೋಷವಾಯಿತು. ಈಗ ನನ್ನ ಹೊಟ್ಟೆಗೂ ಒಂದು ಮಾತು ಬರೆ.

ತಮ್ಮ


ಜೂನ್ 17

ತಮ್ಮಾ,

ನಿಲ್ಲು.

ನಿನ್ನೆ, ಇವತ್ತು ಎರಡು ದಿನ ಇಡೀ ದ್ವೀಪ ಸುತ್ತಿ ಬರೆದಿದ್ದೇನೆ. ಇನ್ನೂರ ಹನ್ನೆರಡರಲ್ಲಿ ನೂರ ಎಂಬತ್ತೇಳು ಬಿಲಗಳಿಗೆ ಮೂರು ಬಿದ್ದಿದೆ. ಕಾರ್ಡುಗಳು ಶುರುವಾದಾಗಿನಿಂದ ಇಷ್ಟು ಮೂರು ಯಾವ ವರ್ಷವೂ ಇಲ್ಲ. ಹಳೆಯ ಕಾವಲುಗಾರರ ಅತಿ ಒಳ್ಳೆಯ ವರ್ಷದಲ್ಲೂ ನೂರ ಹತ್ತು. ಎರಡು ಸಲ ಎಣಿಸಿದೆ. ಹಕ್ಕಿಗಳು ಬೆಳಗಿನಿಂದ ಸಂಜೆಯವರೆಗೆ ತರುತ್ತಲೇ ಇವೆ, ಬಿಲದ ಬಾಯಲ್ಲಿ ಕಾಲಿಡಲು ಜಾಗವಿಲ್ಲ. ಮೀನೂ ಹೋದ ವರ್ಷಕ್ಕಿಂತ ಅಗಲ, ದಷ್ಟಪುಷ್ಟವಾಗಿವೆ. ಅಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಬಲೆ ಹೆಗಲ ಮೇಲೆ ಇರುತ್ತಿತ್ತು.

ಇಲಾಖೆಗೂ ಇದೇ ಲೆಕ್ಕ ಇದೇ ದೋಣಿಯಲ್ಲಿ ಕಳಿಸುತ್ತಿದ್ದೇನೆ. ನಾನೊಬ್ಬಳೇ ನೋಡಿಕೊಂಡ ಮೊದಲ ವರ್ಷವೇ ಹೀಗಾಯಿತಲ್ಲ ಎಂದು ಸ್ವಲ್ಪ ಜಂಬವೂ ಇದೆ. ನಿನ್ನ ಹತ್ತಿರ ಮುಚ್ಚಿಡುವುದೇನು.

ಬಂದರಿನಲ್ಲಿ ಯಾರಿಗೂ ಏನೂ ಹೇಳಬೇಡ. ಹೋಗುವವರು ಹೋಗಲಿ. ಪುಟ್ಟಿ ಅದೇ ಬೆಂಚಿನಲ್ಲಿ ಕೂರಲಿ. ಇದು ನನ್ನ ಮಾತು ಎಂದು ಇಟ್ಟುಕೋ.

ಅಕ್ಕ


ಜೂನ್ 26

ಅಕ್ಕಾ,

ಹೋದರು. ಹನ್ನೆರಡು ದೋಣಿ ಸಾಲಾಗಿ, ಮೇಲೆ ಹಾಸಿಗೆ, ಕುರ್ಚಿ, ಸೈಕಲ್ಲು, ಒಬ್ಬನದಂತೂ ಹೊಲಿಗೆ ಯಂತ್ರ. ಕಟ್ಟೆಯ ಮೇಲೆ ಈಗ ನಾನು, ಬಲೆಮಾವ, ನನ್ನ ದೋಣಿಯ ಮೂವರು ಹುಡುಗರು, ಮತ್ತೆ ಯಾರದೋ ಬಿಟ್ಟುಹೋದ ಬೆಕ್ಕು. ಬಂದರು ಇಷ್ಟು ಅಗಲವಿದೆ ಎಂದು ನನಗೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ.

ಹೊರಡುವ ಮುಂಚೆ ಸಂಘದ ಅಧ್ಯಕ್ಷರು ಬಂದು ಹೆಗಲ ಮೇಲೆ ಕೈಯಿಟ್ಟು, "ಮೂವತ್ತರ ತನಕ ಟೈಮ್ ಇದೆ. ಮನಸ್ಸು ಬದಲಾದ್ರೆ ರೇಡಿಯೋದಲ್ಲಿ ಒಂದು ಮಾತು ಹೇಳು, ನಿನ್ನ ಹೆಸರು ನಾನೇ ಬರೆಸ್ತೀನಿ" ಎಂದರು. ನಾನು, "ನೀವು ಅಲ್ಲಿ ಮೀನು ಸಿಗದಿದ್ರೆ ಹೇಳಿ, ಇಲ್ಲಿಂದ ಕಳಿಸ್ತೀನಿ" ಎಂದೆ.

ಇಪ್ಪತ್ತಮೂರಕ್ಕೆ ಮೊದಲ ಸಲ ಬಲೆ ಬಿಟ್ಟೆವು. ಎಷ್ಟು ಭಾರವಾಗಿತ್ತೆಂದರೆ ನಾಲ್ಕು ಜನ ಸೇರಿ ಎಳೆದರೂ ಮೇಲೆ ಬರಲೊಲ್ಲದು. ಒಬ್ಬನ ಅಂಗೈ ಹಗ್ಗ ಉಜ್ಜಿ ಸುಲಿದುಹೋಯಿತು. ಇಂಥ ಭಾರ ನಾನು ಎಳೆದದ್ದೇ ಇಲ್ಲ. ಇನ್ನು ನಿನಗೆ ಚಿಂತೆ ಬೇಡ. ನಿನ್ನ ಮೇಷ್ಟ್ರುಗಳಿಗೆ ನನ್ನ ನಮಸ್ಕಾರ ಹೇಳು.

ತಮ್ಮ


ಜುಲೈ 7

ತಮ್ಮಾ,

ನಿನ್ನ ಬಲೆಯ ಭಾರದ ಸುದ್ದಿ ಓದಿ ದೊಡ್ಡ ಉಸಿರು ಬಿಟ್ಟೆ. ನಾಲ್ಕು ಸಲ ಓದಿದೆ. ಹಾಗಾದರೆ ಸಮುದ್ರದಲ್ಲಿ ಮೀನಿದೆ. ಅಷ್ಟು ಗೊತ್ತಾದರೆ ಸಾಕು.

ಒಂದು ವಿಷಯ ಕೇಳಬೇಕು. ತಟ್ಟೆಯ ಹಾಗೆ ಚಪ್ಪಟೆಯಾದ, ನಾಲ್ಕು ಬೆರಳಗಲದ ಮೀನನ್ನು ಕಡ್ಡಿಯಂತೆ ಸಣ್ಣಗೆ ಸೀಳಲು ಯಾವ ಚಾಕು ಬೇಕು? ನನ್ನ ಅಡುಗೆ ಚಾಕುವಿನಲ್ಲಿ ನುಚ್ಚುನೂರಾಗುತ್ತದೆ. ಮುಳ್ಳು ಒಂದೂ ಉಳಿಯಬಾರದು.

ಇಲ್ಲಿ ಕೆಲಸ ಬಹಳವಿದೆ, ಹೆಚ್ಚು ಬರೆಯಲಾಗುತ್ತಿಲ್ಲ. ನೀರು ಹದಿನೈದೂವರೆ. ಪುಟ್ಟಿಗೆ ಮುತ್ತು.

ಅಕ್ಕ


ಜುಲೈ 16

ಅಕ್ಕಾ,

ಅಂತೂ ಡಬ್ಬಿ ಊಟ ಬಿಟ್ಟು ತಾಜಾ ಮೀನಿಗೆ ಬಂದೆಯಲ್ಲ, ದೇವರು ದೊಡ್ಡವನು. ಚಾಕು ಬೇಡ, ಕತ್ತರಿ ತೆಗೆದುಕೋ. ಬಾಲದ ಕಡೆಯಿಂದ ನಡುಮುಳ್ಳಿನ ಪಕ್ಕಕ್ಕೇ ಕತ್ತರಿಸುತ್ತಾ ಬಾ, ಎರಡೂ ಬದಿ ಎತ್ತು, ಮುಳ್ಳು ಹಾಗೇ ಏಣಿಯಂತೆ ಬಿಟ್ಟುಬರುತ್ತದೆ. ಆಮೇಲೆ ಉದ್ದಕ್ಕೆ ಸೀಳು. ಬೆರಳಿಗೆ ಬಟ್ಟೆ ಸುತ್ತಿಕೋ, ಆ ಮೀನಿನ ಬೆನ್ನಿನ ಮುಳ್ಳು ನಂಜು. ಮುಳ್ಳು ಒಂದೂ ಇರಬಾರದು ಎಂದರೆ ಯಾರೋ ನೆಂಟರು ಬಂದಿರುವ ಹಾಗಿದೆ. ಇಲಾಖೆಯ ದೊಡ್ಡ ಸಾಹೇಬರೇನಾದರೂ ದ್ವೀಪದಲ್ಲಿ ಬಿಡಾರ ಹೂಡಿದ್ದಾರೋ?

ಇಲ್ಲಿ ಎಲ್ಲ ಚೆನ್ನಾಗಿದೆ. ಹುಡುಗರಲ್ಲಿ ಇಬ್ಬರು ನೆಂಟರ ಮನೆಗೆ ಹೋಗಿದ್ದಾರೆ, ಸ್ವಲ್ಪ ದಿನ ಬಿಟ್ಟು ಬರುತ್ತಾರೆ. ಬಲೆಮಾವ ದಿನವೆಲ್ಲ ಬಲೆ ಹೊಲಿಯುತ್ತಾರೆ. ಮೊನ್ನೆ ನೋಡಿದರೆ ಹರಿಯದ ಕಡೆಯಲ್ಲೂ ಹೊಲಿಯುತ್ತಿದ್ದರು. ವಯಸ್ಸಾಯಿತು, ಪಾಪ.

ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ.

ತಮ್ಮ


ಜುಲೈ 26

ಅಕ್ಕಾ,

ಹದಿನೆಂಟರ ದೋಣಿಯಲ್ಲಿ ನಿನ್ನ ಕಾಗದ ಬರಲಿಲ್ಲ. ದೋಣಿಯವನನ್ನು ಕೇಳಿದರೆ, "ನಿಮ್ಮಕ್ಕ ಮೆಟ್ಟಿಲ ಹತ್ರಾನೂ ಇಳಿದು ಬರಲಿಲ್ಲ. ಸಾಮಾನು ಬಂಡೆ ಮೇಲೆ ಇಟ್ಟು ಕೂಗಿದೆ. ಮೇಲಿಂದ ಕೈ ಆಡಿಸಿದ್ರು, ಎರಡೂ ಕೈಗೆ ಪಟ್ಟಿ ಕಟ್ಟಿತ್ತು" ಎಂದ. ಏನಾಗಿದೆ ನಿನಗೆ?

ನಿನಗೆ ಮೈ ಸರಿಯಿಲ್ಲದಿರುವಾಗ ಇದನ್ನು ಬರೆಯಬಾರದು. ಆದರೆ ಇನ್ನು ಬರೆಯದಿದ್ದರೆ ಯಾವಾಗಲೂ ಬರೆಯುವುದಿಲ್ಲ. ಬಲೆ ಭಾರವಾಗಿತ್ತು ಎಂದೆನಲ್ಲ, ಅದು ಸುಳ್ಳಲ್ಲ. ತುಂಬಿದ್ದು ಲೋಳೆಮೀನು. ಬರೀ ಲೋಳೆ. ದೋಣಿಯ ತುಂಬ ಸುರಿದು, ಒಬ್ಬರ ಮುಖ ಒಬ್ಬರು ನೋಡದೆ ಸಲಿಕೆಯಲ್ಲಿ ಹೊರಗೆ ಎತ್ತಿಹಾಕಿದೆವು. ಮಾರನೆಯ ದಿನವೂ ಅದೇ. ಅಲ್ಲಿಂದ ಇವತ್ತಿನವರೆಗೆ ನೂರಾ ಇಪ್ಪತ್ತು ಮೈಲಿ ದೂರದವರೆಗೂ ಹೋಗಿ ನೋಡಿದ್ದೇನೆ. ಒಂದು ಕಡ್ಡಿಮೀನು ಇಲ್ಲ ಅಕ್ಕಾ, ಒಂದು. ಹುಡುಗರು ನೆಂಟರ ಮನೆಗೆ ಹೋಗಿಲ್ಲ, ಕೆಲಸ ಬಿಟ್ಟು ಹೋದರು. ಮೂರನೆಯವನೂ ಈ ವಾರ ಹೋದ.

ಜೂನ್ ಇಪ್ಪತ್ತಾರಕ್ಕೆ ನಿನಗೆ ಬರೆಯುವಾಗ ಇನ್ನೂ ನಾಲ್ಕು ದಿನವಿತ್ತು. ರೇಡಿಯೋ ಎತ್ತಿ ಹೆಸರು ಬರೆಸಿ ಎಂದಿದ್ದರೆ ಮುಗಿಯುತ್ತಿತ್ತು. ಹನ್ನೆರಡು ದೋಣಿಯವರೂ ಕೇಳಿಸಿಕೊಳ್ಳುತ್ತಾರೆ ಎಂದು ಎತ್ತಲಿಲ್ಲ. ನಿನ್ನ ಮಾತನ್ನು ನಾನೇ ಸುಳ್ಳು ಮಾಡಿದ ಹಾಗೆ ಆಗುತ್ತದೆ ಎಂದೂ ಇತ್ತು.

ದೋಣಿಯನ್ನು ಗುಜರಿಯವನಿಗೆ ಕೊಟ್ಟುಬಿಡುತ್ತಿದ್ದೇನೆ. ಒಬ್ಬನೇ ಹೊರಗೆ ಒಯ್ಯಲಾಗುವುದಿಲ್ಲ, ಉತ್ತರದಲ್ಲಿ ಅದಕ್ಕೆ ಜಾಗವಿಲ್ಲ. ನನ್ನ ಕೈಗಳಿಗೆ ಮಾತ್ರ ಅಲ್ಲಿ ಜಾಗ ಇದೆಯಂತೆ. ಅಧ್ಯಕ್ಷರ ದೋಣಿಯಲ್ಲಿ ಕೂಲಿಗೆ.

ನೀನು ನೋಡಿದ್ದೇನು ಅಕ್ಕಾ? ನೂರ ಎಂಬತ್ತೇಳು ಎಂದೆಯಲ್ಲ. ಏನು ನೋಡಿದೆ ನೀನು? ನಿನ್ನ ಮಾತು ನಂಬಿ ನಿಂತೆ. ಸಿಟ್ಟಿಲ್ಲ ಎಂದು ಬರೆದರೆ ಅದು ಇನ್ನೊಂದು ಸುಳ್ಳು.

ತಮ್ಮ


ಜುಲೈ 27

ತಮ್ಮಾ,

ನಾಳೆ ದೋಣಿ ಬರುತ್ತದೆ. ಈ ಸಲ ಕೊಟ್ಟೇ ಕಳಿಸುತ್ತೇನೆ.

ಜೂನ್ 30ಕ್ಕೆ ಎಲ್ಲ ಮರಿಗಳಿಗೂ ಮೂರು ವಾರ ತುಂಬಿತು. ಮೊದಲನೆಯ ಗೂಟದ ಹತ್ತಿರ ಮೊಣಕಾಲೂರಿ ಬಿಲದೊಳಗೆ ತೋಳು ಹಾಕಿದೆ. ರಾಶಿ ಮೀನು ಕೈಗೆ ಸಿಕ್ಕಿತು, ಕೊಳೆತು ಜಾರುತ್ತಿತ್ತು. ಅದರ ಹಿಂದೆ ಮರಿ. ಆ ವಯಸ್ಸಿಗೆ ಅಂಗೈ ತುಂಬ ಬೆಚ್ಚಗೆ ಭಾರವಾಗಿರಬೇಕು. ಎತ್ತಿದರೆ ಪುಕ್ಕ ಬಿಟ್ಟು ಏನೂ ಇಲ್ಲ. ಎದೆಯ ಮೂಳೆ ಬೆರಳಿಗೆ ಒತ್ತುತ್ತಿತ್ತು. ಎರಡನೆಯದು ಸತ್ತಿತ್ತು. ಮೂರನೆಯದೂ ಸತ್ತಿತ್ತು, ಅದರ ಬಾಯಲ್ಲಿ ಒಂದು ಮೀನು ಅರ್ಧ ಸಿಕ್ಕಿಕೊಂಡಿತ್ತು. ಕೀಳಲು ನೋಡಿದೆ, ಬರಲಿಲ್ಲ.

ಮೀನು ಅಗಲ, ತಮ್ಮಾ. ಮರಿಯ ಗಂಟಲಿಗೆ ಕಡ್ಡಿಮೀನು ಮಾತ್ರ ಇಳಿಯುತ್ತದೆ. ತಾಯಿ ತಂದೆ ಬೆಳಗಿನಿಂದ ಸಂಜೆಯವರೆಗೆ ಅಗಲದ ಮೀನು ತಂದು ತಂದು ಮುಂದೆ ಇಡುತ್ತವೆ. ಅದು ನುಂಗಲಾರದೆ ಬಿಡುತ್ತದೆ. ಬಿಟ್ಟ ಮೀನು ಬಿಲದ ಬಾಯಿಗೆ ಬರುತ್ತದೆ. ಅದನ್ನು ನೋಡಿ ನಾನು ಮೂರು ಬರೆದೆ. ಹೊಟ್ಟೆ ತುಂಬಿದೆ ಎಂದು ಬರೆದ ನೂರ ಎಂಬತ್ತೇಳೂ ಹಸಿದು ಸಾಯುತ್ತಿದ್ದವು. ಹಳೆಯ ಕಾವಲುಗಾರರ ಕಾಲದಲ್ಲಿ ಉಳಿದ ಮೀನು ಎಂದರೆ ಕಡ್ಡಿಮೀನೇ ಆಗಿತ್ತು, ಕಾರ್ಡಿನಲ್ಲಿ ಯಾವ ಮೀನು ಎಂದು ಕೇಳುವ ಮನೆಯೇ ಇಲ್ಲ. ಆದರೂ ನನಗೆ ಕಣ್ಣಿತ್ತು. ಕಣ್ಣಿಗೆ ಕಂಡದ್ದನ್ನು ದಷ್ಟಪುಷ್ಟ ಎಂದು ಬರೆದೆ.

ಏಳನೆಯ ತಾರೀಖು ನಿನಗೆ ಹೇಳಬೇಕಿತ್ತು. ನಿನ್ನ ಬಲೆ ತುಂಬಿದೆ ಎಂದು ಓದಿದ ಮೇಲೆ ಬೇರೆ ದಾರಿಯಲ್ಲಿ ಯೋಚಿಸಿದೆ. ಕಡ್ಡಿಮೀನು ಅಲ್ಲಿದೆ, ಹಕ್ಕಿಗಳಿಗೆ ಸಿಗುವುದು ಒಂದೆರಡು ವಾರ ತಡವಾಗಿದೆ ಅಷ್ಟೇ, ಅಲ್ಲಿಯವರೆಗೆ ಕೆಲವನ್ನಾದರೂ ದಾಟಿಸಿಬಿಡೋಣ ಎಂದು. ಮರಿಗೆ ಕೈಯಾರೆ ತಿನ್ನಿಸುವುದು ನಿಯಮಕ್ಕೆ ವಿರುದ್ಧ. ಒಂಬತ್ತು ಬಿಲ ಆರಿಸಿಕೊಂಡು ತಿನ್ನಿಸಿದೆ. ಮೊದಲು ಅಡುಗೆ ಚಾಕುವಿನಲ್ಲಿ ಸೀಳಿ, ನಿನ್ನ ಕಾಗದ ಬಂದ ಮೇಲೆ ನೀನು ಹೇಳಿಕೊಟ್ಟ ಹಾಗೆ ಕತ್ತರಿಯಲ್ಲಿ. ಹದಿನೆಂಟಕ್ಕೆ ದೋಣಿಯವನು ಕೂಗಿದಾಗ ನಲವತ್ತೊಂದನೆಯ ಬಿಲದ ಮರಿ ನನ್ನ ಮಡಿಲಲ್ಲಿತ್ತು, ಬಿಟ್ಟು ಇಳಿದು ಬರಲಾಗಲಿಲ್ಲ. ಇಳಿದು ಬಂದಿದ್ದರೂ ನಿನಗೆ ಏನು ಬರೆಯಬೇಕು ಎಂದು ಗೊತ್ತಿರಲಿಲ್ಲ. ಕೈಗೆ ನಂಜಾಗಿದೆ, ಇಳಿಯುತ್ತಿದೆ.

ಒಂಬತ್ತರಲ್ಲಿ ಏಳು ಸತ್ತವು. ಎರಡು ರೆಕ್ಕೆ ಬಲಿತು, ಮೊನ್ನೆ ಬೆಳಿಗ್ಗೆ ನೋಡುವಾಗ ಬಿಲ ಖಾಲಿ ಇತ್ತು. ನೀರಿಗೆ ಇಳಿದು ಹೋಗಿವೆ. ಒಂದು ದಿನ ಸಂತೋಷಪಟ್ಟೆ. ಈಗ ಇಲ್ಲ. ಅಲ್ಲಿ ಮೀನು ಸೀಳಿ ಕೊಡುವವರು ಯಾರಿದ್ದಾರೆ?

ನಿನ್ನನ್ನು ನಿಲ್ಲಿಸಿದ್ದು ನಾನು. ನಿನಗೆ ಈಗ ಬಲೆ ತುಂಬುತ್ತಿದ್ದರೂ, ನಾನು ಹೇಳಿದ ಕಾರಣಕ್ಕೆ ತುಂಬುತ್ತಿಲ್ಲ. ಅದು ನಿನಗೆ ಗೊತ್ತಿರಲಿ.

ಅಕ್ಕ


ಸೆಪ್ಟೆಂಬರ್ 4

ಅಕ್ಕಾ,

ನಮ್ಮ ಎರಡು ಕಾಗದಗಳು ಒಂದೇ ದೋಣಿಯಲ್ಲಿ ಎದುರುಬದುರು ಹೋದವು. ನಿನ್ನದು ಓದಿದ ದಿನವೇ ಉತ್ತರ ಬರೆಯಬೇಕಿತ್ತು. ಐದು ವಾರ ಬರೆಯಲಿಲ್ಲ. ಸಿಟ್ಟಿನಿಂದ ಎಂದು ನೀನು ತಿಳಿದಿರಬಹುದು. ತಿಳಿಯಲಿ ಎಂದೇ ಬಿಟ್ಟಿದ್ದೆ.

ಉತ್ತರದ ಬಂದರಿಗೆ ಬಂದು ಇಪ್ಪತ್ತು ದಿನವಾಯಿತು. ಒಂದು ಕೋಣೆ, ಅದರಲ್ಲೇ ಒಲೆ, ಕಿಟಕಿಯ ಹೊರಗೆ ಕಾರ್ಖಾನೆಯ ಗೋಡೆ. ನಾನು ಅಧ್ಯಕ್ಷರ ದೋಣಿಯಲ್ಲಿ ಹಗ್ಗ ಎಳೆಯುತ್ತೇನೆ. ಅವರು ಒಳ್ಳೆಯವರು, ಹಳೆಯದನ್ನು ಒಂದು ಸಲವೂ ಎತ್ತಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಪುಟ್ಟಿ ಹೊಸ ಶಾಲೆಗೆ ಹೋಗುತ್ತಾಳೆ. ಮಾತು ನಿಂತಿದೆ. ಶಾಲೆಯಲ್ಲಿ ಮಾತ್ರವಲ್ಲ, ಈಗ ಮನೆಯಲ್ಲೂ ಕೈ ತೋರಿಸಿ ಕೇಳುತ್ತಾಳೆ.

ಕಡ್ಡಿಮೀನು ಇಲ್ಲಿದೆ ಅಕ್ಕಾ. ಬಲೆ ಬಿಟ್ಟಲ್ಲೆಲ್ಲ. ನೀರು ಹತ್ತು ಡಿಗ್ರಿ ಎಂದು ಬಂದರಿನ ಹಲಗೆಯ ಮೇಲೆ ದಿನಾ ಬರೆಯುತ್ತಾರೆ. ತಂದದ್ದನ್ನೆಲ್ಲ ಕಾರ್ಖಾನೆಯಲ್ಲಿ ಒಣಗಿಸಿ ಪುಡಿ ಮಾಡಿ ಸಾಕಿದ ಮೀನಿನ ಮೇವಿಗೆ ಕಳಿಸುತ್ತಾರೆ. ನಮ್ಮ ಮನೆಯ ಬಟ್ಟೆಗೆಲ್ಲ ಅದೇ ವಾಸನೆ. ಮೇಷ್ಟ್ರುಗಳು ಒಂದೂ ಇಲ್ಲ. ಅವಕ್ಕೆ ಇಲ್ಲಿಗೆ ಬನ್ನಿ ಎಂದು ಹೇಳಲು ಆಗುವುದಿಲ್ಲವೇ? ರೆಕ್ಕೆ ಇದೆಯಲ್ಲ, ಎಂಟು ದಿನವೂ ಬೇಡ ಅವಕ್ಕೆ.

ಈಗ ಬರೆಯಬೇಕಾದ್ದು. ಜೂನ್ 17ರ ನಿನ್ನ ಕಾಗದದಲ್ಲಿ ಮೀನು ಅಗಲ ಎಂದು ಬರೆದಿದ್ದೆ. ಅದಕ್ಕೂ ಮುಂಚಿನದರಲ್ಲಿ ನೀರು ಹದಿನಾಲ್ಕು ಎಂದಿದ್ದೆ. ಅಗಲದ ಮೀನು ಬೆಚ್ಚಗಿನ ನೀರಿನದು. ಅದು ಮೇಲೆ ಬಂದ ಕಡೆ ಕಡ್ಡಿಮೀನು ನಿಲ್ಲುವುದಿಲ್ಲ, ತಣ್ಣನೆ ನೀರು ಹುಡುಕಿಕೊಂಡು ಹೋಗಿಬಿಡುತ್ತದೆ. ಇದು ನಿನಗೆ ಗೊತ್ತಿರಲು ಕಾರಣವಿಲ್ಲ. ಅಪ್ಪ ನಿನ್ನನ್ನು ದೋಣಿಗೆ ಹತ್ತಿಸಲಿಲ್ಲ. ನನ್ನನ್ನು ಹತ್ತಿಸಿದರು, ನನಗೆ ಹೇಳಿಕೊಟ್ಟರು, ಹತ್ತು ವರ್ಷದವನಿದ್ದಾಗ. ಅಗಲ ಎಂಬಲ್ಲಿಗೆ ಬಂದಾಗ ನನ್ನ ಕಣ್ಣು ನಿಂತಿತು. ಹೆಂಡತಿ, "ಏನು ಬರೆದಿದ್ದಾರೆ?" ಎಂದು ಕೇಳಿದಳು. "ಮೀನಿದೆಯಂತೆ, ಇಲ್ಲೇ ಇರೋಣ" ಎಂದು ಕಾಗದ ಮಡಚಿದೆ. ನಿಲ್ಲಬೇಕು ಎಂದಿತ್ತು ನನಗೆ. ನಿಲ್ಲು ಎಂದು ನೀನು ಬರೆದಿದ್ದೆ. ಅಷ್ಟು ಸಾಕಾಯಿತು.

ಆಮೇಲೆ ಏನು ನೋಡಿದೆ ನೀನು ಎಂದು ನಿನ್ನನ್ನೇ ಕೇಳಿದೆ.

ತಮ್ಮ


ಸೆಪ್ಟೆಂಬರ್ 19

ತಮ್ಮಾ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಸಲ ಕೆಂಡದಂಥ ಸಿಟ್ಟು ಬಂತು. ಎರಡನೆಯ ಸಲ ತಲೆಯ ಮೇಲಿನ ಹೊರೆ ಅರ್ಧ ಇಳಿದ ಹಾಗಾಯಿತು. ಹಾಗಾಯಿತಲ್ಲ ಎಂದು ಮೂರನೆಯ ಸಲ ನಾಚಿಕೆಯಾಯಿತು. ನಮ್ಮಿಬ್ಬರಲ್ಲಿ ತಪ್ಪು ಹಂಚಿಕೊಂಡರೆ ಪುಟ್ಟಿಗೆ ಮಾತು ಬರುವುದಿಲ್ಲ.

ಒಬ್ಬರಿಗೊಬ್ಬರು ಹೇಳದೆ ಇದ್ದು ನೋಡಿಯಾಯಿತು, ಹಾಗಾಗಿ ಎಲ್ಲ ಹೇಳುತ್ತೇನೆ. ಹಕ್ಕಿಗಳ ಕಾಲ ಮುಗಿದು ನಾನು ಈಗ ಊರಿನಲ್ಲಿದ್ದೇನೆ. ನಿನ್ನ ದೋಣಿಯನ್ನು ಹೋದ ವಾರ ಕಟ್ಟೆಯ ಮೇಲೆಯೇ ಗರಗಸ ಹಾಕಿ ಕೊಯ್ದರು. ಎಂಜಿನ್ ಮೊದಲೇ ಬಿಚ್ಚಿದ್ದರು. ಹಲಗೆಗಳು ಸೌದೆಗೆ ಹೋದವು. ಎರಡು ದಿನದ ಕೆಲಸ, ನಾನು ಎರಡು ದಿನವೂ ಅಲ್ಲಿದ್ದೆ. ಬಲೆಮಾವ ಬರಲಿಲ್ಲ. ಅವರಿಗೆ ದಿನಾ ಸಂಜೆ ಊಟ ಕೊಟ್ಟು ಬರುತ್ತೇನೆ. ನೀನು ಬಿಟ್ಟುಹೋದ ಬಲೆಯನ್ನು ಮಡಿಲ ಮೇಲೆ ಹರಡಿಕೊಂಡು ಕೂತಿರುತ್ತಾರೆ. ಮೊನ್ನೆ, "ಅವನು ಯಾವಾಗ ಹೊರಡ್ತಾನಂತೆ?" ಎಂದು ಕೇಳಿದರು. ಹೋಗಿ ತಿಂಗಳಾಯಿತು ಎಂದೆ. "ಮೀನು ಹಿಡಿಯೋಕೆ ಯಾವಾಗ ಅಂತ ಕೇಳ್ತಿದೀನಮ್ಮಾ" ಎಂದರು.

ದ್ವೀಪದ ಲೆಕ್ಕ. ಇನ್ನೂರ ಹನ್ನೆರಡು ಬಿಲ, ಹಾರಿಹೋದ ಮರಿ ಎರಡು, ಆ ಎರಡೂ ನಿಯಮ ಮುರಿದು ಉಳಿಸಿದವು. ತಿದ್ದಿದ ಕಾರ್ಡುಗಳನ್ನು ಇಲಾಖೆಗೆ ನಾನೇ ಒಯ್ದೆ. ನಾನು ಹೇಳುವುದನ್ನೆಲ್ಲ ಗುಮಾಸ್ತರು ತಾಳ್ಮೆಯಿಂದ ಕೇಳಿಸಿಕೊಂಡು, "ಜೂನ್ ಲೆಕ್ಕದ ಮೇಲೆ ವರದಿ ಆಗಿಹೋಗಿದೆ ಮೇಡಂ. ಚೆನ್ನಾಗಿದೆ ಅಂತ ಮೇಲಿನವರಿಗೂ ಖುಷಿಯಾಗಿದೆ. ಇದನ್ನ ಫೈಲಿಗೆ ಹಾಕಿರ್ತೀನಿ" ಎಂದರು. ಮುಂದಿನ ವರ್ಷದ ಕಾರ್ಡಿನ ಕಟ್ಟು ಕೈಗೆ ಕೊಟ್ಟರು. ಅದೇ ಮನೆಗಳು, ಸೊನ್ನೆಯಿಂದ ಮೂರು. ಬೇಡ ಎಂದು ಮೇಜಿನ ಮೇಲೆ ಇಟ್ಟು ಬಾಗಿಲವರೆಗೆ ಬಂದೆ. ವಾಪಸ್ಸು ಹೋಗಿ ತೆಗೆದುಕೊಂಡೆ. ಬೇರೆ ಯಾರಾದರೂ ಹೋದರೆ ಅವರೂ ಮೂರು ಎಂದೇ ಬರೆಯುತ್ತಾರೆ.

ಮೇಷ್ಟ್ರುಗಳಿಗೆ ಹೇಳಲು ಆಗುವುದಿಲ್ಲವೇ ಎಂದು ಕೇಳಿದ್ದೀಯ. ಆಗುವುದಿಲ್ಲ. ಮೀನು ಜಾಗ ಬಿಟ್ಟಿತು, ದೋಣಿಗಳು ಬಿಟ್ಟವು, ನೀನೂ ಬಿಟ್ಟೆ. ಇವು ಬಿಡುವುದಿಲ್ಲ. ಚಳಿಗಾಲವೆಲ್ಲ ನಡುಸಮುದ್ರದಲ್ಲಿದ್ದು, ಏಪ್ರಿಲ್ ಬಂತೆಂದರೆ ಮೊಟ್ಟೆಯಿಟ್ಟ ಅದೇ ಬಿಲಕ್ಕೆ ಬರುತ್ತವೆ. ಒಂದೊಂದು ಹಕ್ಕಿ ಮೂವತ್ತು ವರ್ಷ ಬದುಕುತ್ತದೆ. ಮರಿ ಒಂದೂ ಉಳಿಯದಿದ್ದರೂ ನಮ್ಮ ಕಾಲ ಮುಗಿಯುವವರೆಗೆ ದ್ವೀಪ ತುಂಬಿಕೊಂಡೇ ಕಾಣುತ್ತದೆ. ದೂರದಿಂದ ನೋಡಿದವರಿಗೆ ಏನೂ ಆಗಿಲ್ಲ ಎಂದೇ ಅನಿಸುತ್ತದೆ.

ಏಪ್ರಿಲ್ ಮೊದಲ ವಾರ ನಾನು ಅಲ್ಲಿರುತ್ತೇನೆ. ಅಷ್ಟೂ ಜೋಡಿ ಬಂದು ಇಳಿಯುತ್ತವೆ, ಬಿಲದ ಮಣ್ಣು ಕೆರೆದು ಚೊಕ್ಕಟ ಮಾಡುತ್ತವೆ, ಒಂದೊಂದು ಮೊಟ್ಟೆ ಇಡುತ್ತವೆ. ಬರಬೇಡಿ ಎಂದು ಅವಕ್ಕೆ ಹೇಗೆ ಹೇಳುವುದು ಎಂದು ನನಗೆ ಗೊತ್ತಿಲ್ಲ, ತಮ್ಮಾ.

ಅಕ್ಕ